ವಿಶ್ವೇಶ್ವರಯ್ಯನವರು ಹಳಿ ಮುರಿದ ಸದ್ದು ಕೇಳಿ ರೈಲು ನಿಲ್ಲಿಸಿದ್ದು ನಿಜವೇ? ಒಬ್ಬ ಎಂಜಿನಿಯರ್ ವೃತ್ತಿ ಆರಂಭವಾದ ಅಸಲಿ ಕಥೆ

ಪ್ರತಿ ವರ್ಷ ಸೆಪ್ಟೆಂಬರ್ 15 ಹತ್ತಿರ ಬಂದರೆ ಸಾಕು, ಒಂದು ಫಾರ್ವರ್ಡ್ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡಲು ಶುರುವಾಗುತ್ತದೆ. ನಿಮಗೂ ಬಂದಿರುತ್ತದೆ. ಬ್ರಿಟಿಷರ ಕಾಲ. ರಾತ್ರಿ ರೈಲು. ಬೋಗಿಯ ತುಂಬ ಇಂಗ್ಲಿಷರು. ಮೂಲೆಯಲ್ಲಿ ಸಾದಾ ಉಡುಪಿನ, ಕಪ್ಪು ಬಣ್ಣದ ಒಬ್ಬ ಭಾರತೀಯ. ಎಲ್ಲರೂ ಅವರನ್ನು ನೋಡಿ ನಗುತ್ತಾರೆ. ಇದ್ದಕ್ಕಿದ್ದಂತೆ ಅವರು ಎದ್ದು ಚೈನ್ ಎಳೆಯುತ್ತಾರೆ. ಮುಂದೆ ಸ್ವಲ್ಪ ದೂರದಲ್ಲಿ ಹಳಿ ಮುರಿದಿದೆ ಎಂದು ಗಾರ್ಡ್‌ಗೆ ತಿಳಿಸುತ್ತಾರೆ. ಹೋಗಿ ನೋಡಿದರೆ ನಿಜವಾಗಿಯೂ ಹಳಿ ಮುರಿದಿರುತ್ತದೆ. ಅವರೇ ಸರ್ ಎಂ. ವಿಶ್ವೇಶ್ವರಯ್ಯ. ರೈಲಿನ ಸದ್ದು ಬದಲಾಗಿದ್ದರಿಂದ ಅವರಿಗೆ ಗೊತ್ತಾಯಿತು ಎಂಬುದು ಕಥೆಯ ಕೊನೆ.

ಓದಿದರೆ ಮೈ ಜುಮ್ ಎನ್ನುತ್ತದೆ. ಶೇರ್ ಮಾಡಬೇಕು ಅನ್ನಿಸುತ್ತದೆ. ಆದರೆ ಶೇರ್ ಮಾಡುವ ಮೊದಲು ಎರಡು ವಿಷಯ ನೋಡೋಣ. ಒಂದು, ಈ ಕಥೆ ಎಷ್ಟರ ಮಟ್ಟಿಗೆ ನಂಬುವಂಥದ್ದು? ಎರಡು, ವಿಶ್ವೇಶ್ವರಯ್ಯನವರು ಎಂಜಿನಿಯರ್ ಆಗಿ ನಿಜವಾಗಿ ಮಾಡಿದ್ದೇನು, ಆರಂಭಿಸಿದ್ದು ಹೇಗೆ? ಎರಡನೆಯದು ಮಾನ್ವಿ, ದೇವದುರ್ಗ, ರಾಯಚೂರಿನ ವಿದ್ಯಾರ್ಥಿಗಳಿಗೆ ಫಾರ್ವರ್ಡ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫಾರ್ವರ್ಡ್‌ನಲ್ಲಿ ಏನಿದೆ, ಏನಿಲ್ಲ?

ಈ ಸಂದೇಶದಲ್ಲಿ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಯಾವ ರೈಲು, ಎಲ್ಲಿಂದ ಎಲ್ಲಿಗೆ, ಯಾವ ಸ್ಟೇಷನ್ ಹತ್ತಿರ ಎಂಬುದೂ ಇರುವುದಿಲ್ಲ. ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ದೂರ ಹೆಚ್ಚು ಕಡಿಮೆಯಾಗುತ್ತದೆ, ಪ್ರಯಾಣಿಕರ ಮಾತು ಬದಲಾಗುತ್ತದೆ. ಊರು, ದಿನ, ಹೆಸರು ಇಲ್ಲದ ಘಟನೆಯನ್ನು ಪರಿಶೀಲಿಸಲು ಯಾರಿಂದಲೂ ಆಗುವುದಿಲ್ಲ. ಯಾವುದೇ ಫಾರ್ವರ್ಡ್ ನೋಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಇನ್ನು ವಿಜ್ಞಾನಕ್ಕೆ ಬರೋಣ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಗಾಳಿಯಲ್ಲಿ ಅದರ ವೇಗ ಸುಮಾರು 340 ಮೀಟರ್ ಮಾತ್ರ. ಹಾಗಾಗಿ ಹಳಿಗೆ ಕಿವಿ ಕೊಟ್ಟರೆ ದೂರದ ರೈಲಿನ ಕಂಪನ ಕೇಳಿಸುವುದು ನಿಜ. ಆದರೆ ಮುರಿದು ಬಿದ್ದ ಹಳಿ ತಾನಾಗಿ ಸದ್ದು ಮಾಡುವುದಿಲ್ಲ. ಚಕ್ರ ಅದರ ಮೇಲೆ ಬಂದಾಗ ಮಾತ್ರ ಸದ್ದು. ಬೋಗಿಯಲ್ಲಿ ಕುಳಿತವರಿಗೆ ಕೇಳಿಸುವುದು ತಮ್ಮ ಕೆಳಗಿನ ಚಕ್ರಗಳ ಶಬ್ದ. ಆ ಕಾಲದ ಹಳಿಗಳು ತುಂಡು ತುಂಡಾಗಿದ್ದವು. ಎರಡು ತುಂಡುಗಳ ನಡುವೆ ಫಿಶ್ ಪ್ಲೇಟ್ ಹಾಕಿ ಬೋಲ್ಟ್ ಬಿಗಿಯುತ್ತಿದ್ದರು. ನಡುವೆ ಸಣ್ಣ ಸಂದು ಇದ್ದೇ ಇರುತ್ತಿತ್ತು. ಹಳೆಯ ರೈಲಿನ ಟಕ್‌ಟಕ್ ತಾಳ ಬರುತ್ತಿದ್ದದ್ದು ಆ ಸಂದುಗಳಿಂದಲೇ. ಅಂದರೆ ಹಳಿಯಲ್ಲಿ ನೂರಾರು ಸಂದು ಮೊದಲೇ ಇರುವಾಗ, ಇನ್ನೂ ತಲುಪದ ಒಂದು ಸಂದನ್ನು ಬೋಗಿಯೊಳಗಿಂದ ಕಿವಿಯಲ್ಲೇ ಗುರುತಿಸಿದರು ಎಂಬುದು ನಂಬಲು ಕಷ್ಟ.

ಆದರೆ ಆ ಸದ್ದಿನಿಂದ ಇನ್ನೊಂದು ಕೆಲಸ ಆಗುತ್ತದೆ. ಬ್ರಾಡ್‌ಗೇಜ್ ಹಳಿಯ ಒಂದು ತುಂಡು 13 ಮೀಟರ್ ಎಂದುಕೊಳ್ಳಿ. 47 ಸೆಕೆಂಡಿನಲ್ಲಿ ಎಷ್ಟು ಸಂದು ದಾಟಿತು ಎಂದು ಎಣಿಸಿದರೆ, ಆ ಸಂಖ್ಯೆಯೇ ಹೆಚ್ಚು ಕಡಿಮೆ ರೈಲಿನ ವೇಗ, ಗಂಟೆಗೆ ಕಿ.ಮೀ. ಲೆಕ್ಕದಲ್ಲಿ. ಈಗ ಹಳಿಗಳನ್ನು ಉದ್ದಕ್ಕೆ ವೆಲ್ಡ್ ಮಾಡಿರುವುದರಿಂದ ಈ ಎಣಿಕೆ ಎಲ್ಲ ಕಡೆ ನಡೆಯುವುದಿಲ್ಲ. ಆದರೆ ಎಂಜಿನಿಯರ್ ಕಿವಿ ಕೆಲಸ ಮಾಡುವುದು ಹೀಗೆ. ಪವಾಡ ಇಲ್ಲ, ಎಣಿಕೆ ಮಾತ್ರ.

ಹಳಿ ಮುರಿದದ್ದನ್ನು ನಿಜವಾಗಿ ಪತ್ತೆ ಮಾಡುವವರು ಯಾರು? ದಿನವೂ ಹಳಿಯ ಪಕ್ಕ ನಡೆದು ನೋಡುವ ಕೀಮ್ಯಾನ್, ಅಲ್ಟ್ರಾಸೌಂಡ್ ಯಂತ್ರ ತಳ್ಳಿಕೊಂಡು ಹೋಗುವ ಸಿಬ್ಬಂದಿ, ಮತ್ತು ಟ್ರ್ಯಾಕ್ ಸರ್ಕ್ಯೂಟ್. ಹಳಿಯಲ್ಲೇ ಸಣ್ಣ ವಿದ್ಯುತ್ ಹರಿಸುವ ಈ ವ್ಯವಸ್ಥೆಯನ್ನು ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ರೂಪಿಸಿದರು. ಹಳಿ ಪೂರ್ತಿ ತುಂಡಾದರೆ ವಿದ್ಯುತ್ ಕಡಿದು ಸಿಗ್ನಲ್ ಕೆಂಪಾಗುತ್ತದೆ. ಈ ಕೀಮ್ಯಾನ್‌ಗಳ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ.

ಮುದ್ದೇನಹಳ್ಳಿಯಿಂದ ಪುಣೆಗೆ

ಈಗ ಅಸಲಿ ಕಥೆ. ವಿಶ್ವೇಶ್ವರಯ್ಯ ಹುಟ್ಟಿದ್ದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ಸೆಪ್ಟೆಂಬರ್ 15, 1861 ಎಂಬುದು ಹೆಚ್ಚು ಕಡೆ ಇರುವ ದಿನಾಂಕ. ಕೆಲವು ಕಡೆ 1860 ಎಂದೂ ಇದೆ. ಅವರ ಜನ್ಮ ಶತಮಾನೋತ್ಸವ ನಡೆದದ್ದು 1960ರಲ್ಲಿ. ಹಾಗಾಗಿ ಎರಡು ಇಸವಿ ಕಂಡರೆ ಗಾಬರಿ ಬೇಡ. ಹೆಸರಿನ ಮುಂದಿರುವ ಮೋಕ್ಷಗುಂಡಂ ಎಂಬುದು ಅವರ ಪೂರ್ವಿಕರ ಊರು. ಅದು ಆಂಧ್ರದಲ್ಲಿದೆ.

ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಪಂಡಿತರು. ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಬೆಂಗಳೂರಿಗೆ ಬಂದಾಗ ಆಸರೆಯಾದವರು ಸೋದರಮಾವ ರಾಮಯ್ಯ. ಕಾಲೇಜಿನ ಖರ್ಚಿಗೆ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು.

ಇಲ್ಲಿ ಇನ್ನೊಂದು ಫಾರ್ವರ್ಡ್ ನೆನಪಾಗಬಹುದು. ಬೀದಿ ದೀಪದ ಕೆಳಗೆ ಓದಿದ್ದು. ಇದೇ ಕಥೆಯನ್ನು ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರ, ಮದ್ರಾಸಿನ ನ್ಯಾಯಮೂರ್ತಿ ಮುತ್ತುಸ್ವಾಮಿ ಅಯ್ಯರ್ ಅವರ ಬಗ್ಗೆಯೂ ಹೇಳುತ್ತಾರೆ. ದೀಪದ ಕಥೆ ಇರಲಿ ಬಿಡಲಿ, ಬೇರೆಯವರ ಮಕ್ಕಳಿಗೆ ಪಾಠ ಹೇಳಿ ತಾನು ಓದಿದ ಹುಡುಗನ ಕಥೆಯೇ ಸಾಕಷ್ಟು ದೊಡ್ಡದು.

ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಯ ಸೈನ್ಸ್ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಹೋದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. ಜೊತೆಗೆ ಜೇಮ್ಸ್ ಬರ್ಕ್ಲಿ ಹೆಸರಿನ ಬಹುಮಾನ.

ಈ ಬರ್ಕ್ಲಿ ಯಾರು ಗೊತ್ತೇ? ಮುಂಬಯಿಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಮಾರ್ಗ ಹಾಕಿಸಿದ ಮುಖ್ಯ ಎಂಜಿನಿಯರ್. ಅದೇ ಕಂಪನಿಯ ಹಳಿ 1871ರಲ್ಲಿ ನಮ್ಮ ರಾಯಚೂರಿಗೆ ಬಂದು ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. ಮುಂಬಯಿ ಮತ್ತು ಮದ್ರಾಸ್ ರೈಲಿನಿಂದ ಬೆಸೆದುಕೊಂಡ ಜಾಗ ರಾಯಚೂರು.

ಮೊದಲ ಕೆಲಸ: ಮಳೆ, ಮರಳು ಮತ್ತು ಒಂದು ಪೈಪು

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು. ವಯಸ್ಸು 22-23. ನಾಸಿಕ್, ನಂತರ ಖಾನ್‌ದೇಶ್ ಜಿಲ್ಲೆಯ ಧುಳೆ. ಆಗಿನ ಇಲಾಖೆಯಲ್ಲಿ ಹೊಸಬರಿಗೆ ಸಿಗುತ್ತಿದ್ದದ್ದು ರಸ್ತೆ, ಸರ್ಕಾರಿ ಕಟ್ಟಡ, ಸಣ್ಣ ನೀರಾವರಿ ಕೆಲಸಗಳು. ಜೊತೆಗೆ ಇಲಾಖೆಯ ಪರೀಕ್ಷೆಗಳನ್ನೂ ಪಾಸು ಮಾಡಬೇಕಿತ್ತು.

ಧುಳೆಯ ಕಡೆ ಪಾಂಝರಾ ಎಂಬ ನದಿ ಇದೆ. ಅದನ್ನು ದಾಟಿಸಿ ಕಾಲುವೆಯ ನೀರನ್ನು ಆಚೆ ದಡಕ್ಕೆ ಒಯ್ಯಲು ಪೈಪ್ ಸೈಫನ್ ಕಟ್ಟುವ ಕೆಲಸ ಯುವ ಎಂಜಿನಿಯರ್ ಕೈಗೆ ಬಂತು. ಸೈಫನ್ ಅಂದರೆ ಕಷ್ಟದ ವಿಷಯವೇನಲ್ಲ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಪೈಪ್ ಹಿಡಿಯುತ್ತಾರಲ್ಲ, ಅದೇ ತತ್ವ. ಪೈಪು ನಡುವೆ ಎಷ್ಟೇ ಕೆಳಗೆ ಇಳಿದರೂ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ಬರುತ್ತದೆ. ಆಚೆ ತುದಿ ಸ್ವಲ್ಪ ತಗ್ಗಿದ್ದರೆ ನೀರು ಹರಿದು ಹೊರಬರುತ್ತದೆ. ಕಾಲುವೆ ನೀರು ನದಿಯ ತಳದ ಕೆಳಗೆ ಹೋಗುತ್ತದೆ, ನದಿ ಮೇಲೆ ಹರಿಯುತ್ತದೆ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಇದನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಿ. ಎರಡು ಹರಿವು ಒಂದೇ ಜಾಗದಲ್ಲಿ ದಾಟಬೇಕು, ಆದರೆ ಡಿಕ್ಕಿಯಾಗಬಾರದು. ರೈಲ್ವೆ ಗೇಟ್ ಬದಲು ಅಂಡರ್‌ಪಾಸ್ ಕಟ್ಟುವಾಗ, ಊರಿನ ವೃತ್ತದ ಮೇಲೆ ಫ್ಲೈಓವರ್ ಹಾಕುವಾಗ ಟ್ರಾಫಿಕ್ ಎಂಜಿನಿಯರ್ ಬಿಡಿಸುವುದು ಇದೇ ಲೆಕ್ಕವನ್ನು.

ಕೆಲಸ ಸುಲಭವಾಗಿ ನಡೆಯಲಿಲ್ಲ. ಮಳೆಗಾಲ. ಅಗೆದ ಪಾಯದಲ್ಲಿ ಮತ್ತೆ ಮತ್ತೆ ಮರಳು ತುಂಬುತ್ತಿತ್ತು. ಮಳೆ ನಿಲ್ಲುವವರೆಗೆ ಕೆಲಸ ಮುಂದೂಡಲು ಅನುಮತಿ ಕೋರಿ ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಹೊಸ ಕೆಲಸಗಾರನ ಹೆಸರಿಗೆ ಮಸಿ ಬೀಳುವ ಸಂದರ್ಭ. ವಿಶ್ವೇಶ್ವರಯ್ಯ ಮರಳಿ ಹೋಗಿ, ಮಳೆಯ ನಡುವೆಯೇ ಬಿಡುವು ಹಿಡಿದು ಕೆಲಸ ಮುಗಿಸಿದರು. ಕೊನೆಗೆ ಅದೇ ಮೇಲಧಿಕಾರಿಯ ಮೆಚ್ಚುಗೆ ಸಿಕ್ಕಿತು.

ಗಮನಿಸಿ, ವೃತ್ತಿ ಆರಂಭವಾದದ್ದು ಅಣೆಕಟ್ಟಿನಿಂದಲ್ಲ, ಬಿರುದಿನಿಂದಲ್ಲ. ಮರಳು ತೆಗೆಯುವುದರಿಂದ.

ಕಿವಿಯಲ್ಲ, ಅಳತೆ

ಮುಂದಿನ 20 ವರ್ಷ ಅವರು ಮಾಡಿದ ಕೆಲಸಗಳಲ್ಲಿ ಒಂದು ಸಾಮಾನ್ಯ ಗುಣ ಇದೆ. ಮೊದಲು ಅಳೆಯುವುದು, ಆಮೇಲೆ ಕಟ್ಟುವುದು.

ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ್ಯದ ಸುಕ್ಕೂರ್ ಊರಿಗೆ 1894-95ರಲ್ಲಿ ಕುಡಿಯುವ ನೀರಿನ ಕೆಲಸ. ಸಿಂಧೂ ನದಿಯ ನೀರು ಕೆಸರು. ಶುದ್ಧೀಕರಣ ಘಟಕಕ್ಕೆ ಬೇಕಾದಷ್ಟು ಹಣ ಊರಿನಲ್ಲಿಲ್ಲ. ನದಿಯ ಮರಳನ್ನೇ ಸೋಸುವ ಜರಡಿಯಾಗಿ ಬಳಸಿ, ಬಾವಿಗೆ ಇಳಿದ ತಿಳಿ ನೀರನ್ನು ಮೇಲೆತ್ತುವ ದಾರಿ ಹಿಡಿದರು.

ಪುಣೆಯ ಕಾಲುವೆಗಳಲ್ಲಿ ನೀರಿನ ಜಗಳ. ಕಾಲುವೆಯ ತಲೆಯಲ್ಲಿರುವವರಿಗೆ ನೀರು ಹೆಚ್ಚು, ಬಾಲದಲ್ಲಿರುವವರಿಗೆ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಈ ಮಾತು ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿ ತಂದರು. ಜಮೀನನ್ನು ಬ್ಲಾಕುಗಳಾಗಿ ಮಾಡಿ, ಬೆಳೆಯನ್ನು ಸರದಿಯಲ್ಲಿ ಬದಲಿಸುತ್ತ, ಲೆಕ್ಕ ಹಾಕಿ ನೀರು ಕೊಡುವ ಕ್ರಮ.

ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರ ಹೊತ್ತಿಗೆ ಅವರ ಸ್ವಯಂಚಾಲಿತ ಗೇಟ್‌ಗಳು ಬಂದವು. ನೀರು ಒಂದು ಮಟ್ಟ ಮೀರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಹೆಚ್ಚು ನೀರು ಕೂಡಿಡಲೂ ಆಯಿತು, ಅಣೆಕಟ್ಟಿಗೂ ಅಪಾಯವಿಲ್ಲ. 1906ರಲ್ಲಿ ಏಡನ್ ನಗರದ ನೀರಿನ ಯೋಜನೆಗೂ ಅವರನ್ನು ಕಳಿಸಿದರು.

ಸುಮಾರು 24 ವರ್ಷದ ಸೇವೆಯ ನಂತರ ಮುಂಬಯಿ ಸರ್ಕಾರದ ಕೆಲಸ ಬಿಟ್ಟರು. ಬ್ರಿಟಿಷರ ಆ ಇಲಾಖೆಯಲ್ಲಿ ಭಾರತೀಯರೊಬ್ಬರು ತುತ್ತತುದಿಯ ಹುದ್ದೆಗೆ ಏರುವುದು ಆಗ ದೂರದ ಮಾತಾಗಿತ್ತು.

ಮಾನ್ವಿಯನ್ನು ಆಳುತ್ತಿದ್ದ ಹೈದರಾಬಾದಿಗೆ ಬಂದ ಎಂಜಿನಿಯರ್

1908ರ ಸೆಪ್ಟೆಂಬರ್ 28. ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಮೇಲಿನ ಕೆರೆಗಳು ಒಂದರ ಹಿಂದೆ ಒಂದು ಒಡೆದವು. ಸಾವಿರಾರು ಜನ ಸತ್ತರು. ಆಗ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲವೂ ನಿಜಾಮರ ಆಳ್ವಿಕೆಯಲ್ಲಿದ್ದವು. ಅಂದರೆ ಅದು ನಮ್ಮದೇ ರಾಜಧಾನಿಯ ದುರಂತ.

1909ರಲ್ಲಿ ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮೊದಲು ಮಾಡಿದ್ದು ಮಳೆಯ ಅಂಕಿ ಅಂಶ ಸಂಗ್ರಹ. ಎಲ್ಲಿ ಎಷ್ಟು ಮಳೆ ಬಿತ್ತು, ಯಾವ ಕೆರೆ ಒಡೆಯಿತು, ಎಷ್ಟು ನೀರು ಬಂತು. ಆಮೇಲೆ ಕೊಟ್ಟ ಸಲಹೆ ಸರಳ: ನಗರದೊಳಗೆ ಗೋಡೆ ಎತ್ತರಿಸಿದರೆ ಸಾಲದು, ನಗರಕ್ಕೆ ಬರುವ ಮೊದಲೇ ನೀರನ್ನು ತಡೆದು ನಿಲ್ಲಿಸಬೇಕು. ಆ ಸಲಹೆಯ ದಾರಿಯಲ್ಲಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನಗರದ ಒಳಚರಂಡಿ ಯೋಜನೆಯಲ್ಲೂ ಅವರ ಸಲಹೆ ಇತ್ತು.

ಕೆಆರ್‌ಎಸ್ ಒಬ್ಬರೇ ಕಟ್ಟಿದ್ದೇ?

1909ರ ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ರೈಲ್ವೆ ಕಾರ್ಯದರ್ಶಿ ಹೊಣೆಯೂ ಅವರದೇ ಆಗಿತ್ತು. 1912ರಿಂದ 1918ರವರೆಗೆ ದಿವಾನರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ಈ ಕಾಲದಲ್ಲಿ. ಆ ಕಾಲೇಜೇ ಇಂದಿನ ಯುವಿಸಿಇ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅವರು ದಿವಾನಗಿರಿ ಬಿಟ್ಟ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆದು, 1930ರ ದಶಕದ ಆರಂಭದಲ್ಲಿ ಮುಗಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್, ಇತರ ಎಂಜಿನಿಯರುಗಳು, ಸಾವಿರಾರು ಕೂಲಿಕಾರರು, ಊರು ಮುಳುಗಿ ಎದ್ದು ಹೋದ ಜನ, ಎಲ್ಲರೂ ಆ ಕಟ್ಟೆಯಲ್ಲಿದ್ದಾರೆ. ಒಬ್ಬರೇ ಕಟ್ಟಿದರು ಎನ್ನುವ ಸಂದೇಶ ಅವರೆಲ್ಲರನ್ನೂ ಅಳಿಸುತ್ತದೆ.

ಇನ್ನೊಂದು ವಿಷಯವನ್ನು ಹೊಗಳುವ ಫಾರ್ವರ್ಡ್‌ಗಳು ಬಿಟ್ಟುಬಿಡುತ್ತವೆ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ವಿಚಾರದಲ್ಲಿ ಅವರಿಗೂ ಮಹಾರಾಜರಿಗೂ ಭಿನ್ನಾಭಿಪ್ರಾಯವಿತ್ತು. 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರು. ದೊಡ್ಡವರ ಬದುಕನ್ನು ಪೂರ್ತಿಯಾಗಿ ಓದಬೇಕು, ಇಷ್ಟವಾದ ಅರ್ಧವನ್ನು ಮಾತ್ರ ಅಲ್ಲ.

ಎರಡು ಮೇಣದಬತ್ತಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. ಸರ್ಕಾರಿ ಕೆಲಸಕ್ಕೆ ಸರ್ಕಾರಿ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಇದೇ ಕಥೆ ಚಾಣಕ್ಯನ ಹೆಸರಲ್ಲೂ ಇದೆ, ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಹೆಸರಲ್ಲೂ ಇದೆ. ಪ್ರಾಮಾಣಿಕರನ್ನು ಕಂಡಾಗ ಜನ ಈ ಕಥೆಯನ್ನು ಅವರಿಗೆ ತೊಡಿಸುತ್ತಾರೆ. ಗೌರವದ ಗುರುತು ಎಂದುಕೊಳ್ಳೋಣ, ಇತಿಹಾಸ ಎಂದಲ್ಲ.

90 ದಾಟಿದ ಮೇಲೆ ಒಂದು ಸೇತುವೆಯ ಪ್ರಶ್ನೆ

ಸ್ವಾತಂತ್ರ್ಯದ ನಂತರ ಬಿಹಾರದಲ್ಲಿ ಗಂಗಾ ನದಿಗೆ ರೈಲು ಮತ್ತು ರಸ್ತೆ ಎರಡೂ ಇರುವ ಸೇತುವೆ ಕಟ್ಟಬೇಕಿತ್ತು. ಎಲ್ಲಿ ಕಟ್ಟುವುದು? ಒಂದೊಂದು ಊರಿಗೂ ತನ್ನ ಹತ್ತಿರವೇ ಬೇಕು. ಈ ಪ್ರಶ್ನೆ ಬಿಡಿಸಲು ಕರೆದದ್ದು 90 ದಾಟಿದ ವಿಶ್ವೇಶ್ವರಯ್ಯನವರನ್ನು. ಮೊಕಾಮಾ ಬಳಿ ಕಟ್ಟುವುದೆಂದು ನಿರ್ಧಾರವಾಯಿತು. ಸುಮಾರು 2 ಕಿ.ಮೀ. ಉದ್ದದ ಆ ರಾಜೇಂದ್ರ ಸೇತು 1959ರಲ್ಲಿ ಸಂಚಾರಕ್ಕೆ ತೆರೆಯಿತು. 1955ರಲ್ಲೇ ಅವರಿಗೆ ಭಾರತರತ್ನ ಬಂದಿತ್ತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲೇ ನಡೆಯಿತು.

ಆಗ ಟ್ರಾಫಿಕ್ ಎಂಜಿನಿಯರಿಂಗ್ ಇತ್ತೇ?

1884ರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಭಾರತದಲ್ಲಿ ಮೋಟಾರು ಕಾರೇ ಇರಲಿಲ್ಲ. ಲಂಡನ್ನಿನಲ್ಲಿ 1868ರಲ್ಲಿ ರೈಲ್ವೆ ಎಂಜಿನಿಯರ್ ಜೆ.ಪಿ. ನೈಟ್ ಗ್ಯಾಸ್ ದೀಪದ ಸಿಗ್ನಲ್ ಹಾಕಿಸಿದ್ದರು. ಸ್ವಲ್ಪ ದಿನದಲ್ಲೇ ಗ್ಯಾಸ್ ಸಿಡಿದು ಪೊಲೀಸ್ ಪೇದೆಗೆ ಗಾಯವಾಗಿ ಅದು ನಿಂತುಹೋಯಿತು. ಟ್ರಾಫಿಕ್ ಎಂಜಿನಿಯರಿಂಗ್ ಬೇರೆ ವೃತ್ತಿಯಾಗಿ ಗಟ್ಟಿಯಾದದ್ದು 1930ರ ದಶಕದಲ್ಲಿ. ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ ಆಗ ಕ್ಯಾಮೆರಾದಲ್ಲಿ ರಸ್ತೆಯ ಚಿತ್ರ ತೆಗೆದು, ವಾಹನ ದಟ್ಟಣೆಗೂ ವೇಗಕ್ಕೂ ಇರುವ ಸಂಬಂಧವನ್ನು ಲೆಕ್ಕಕ್ಕೆ ತಂದರು. ಭಾರತದಲ್ಲಿ ಜಯಕರ್ ಸಮಿತಿಯ ಸಲಹೆಯಂತೆ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಹೆಸರು ಕೇಳಿ ರಾಜಕೀಯ ಪಕ್ಷ ಎಂದುಕೊಳ್ಳಬೇಡಿ. ರಸ್ತೆಯ ಅಳತೆ, ತಿರುವು, ಫಲಕ, ಹಂಪ್ ಹೇಗಿರಬೇಕು ಎಂದು ಹೇಳುವ ಎಂಜಿನಿಯರುಗಳ ಸಂಸ್ಥೆ ಅದು.

ವೃತ್ತಿ ಹೊಸದು, ಆದರೆ ಕ್ರಮ ಅದೇ. ಮೊದಲು ಎಣಿಸು, ಅಳೆ, ಆಮೇಲೆ ಕಟ್ಟು.

ಮಾನ್ವಿಯ ರಸ್ತೆಗೂ ಇದಕ್ಕೂ ಏನು ಸಂಬಂಧ?

2024ರ ಸೆಪ್ಟೆಂಬರ್ 5. ಶಿಕ್ಷಕರ ದಿನ. ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಸತ್ತರು. ಹಲವು ಮಕ್ಕಳು ತೀವ್ರವಾಗಿ ಗಾಯಗೊಂಡರು. ಸರಿಯಾಗಿ ಹತ್ತು ದಿನಕ್ಕೆ ಎಂಜಿನಿಯರ್ಸ್ ಡೇ. ಗ್ರೂಪುಗಳಲ್ಲಿ ಮತ್ತೆ ಅದೇ ರೈಲಿನ ಫಾರ್ವರ್ಡ್.

ಹಳಿಯ ಕಥೆಯ ತೊಂದರೆ ಇಲ್ಲಿದೆ. ಅಪಾಯವನ್ನು ಮೊದಲೇ ಅರಿಯುವುದು ದೈವದತ್ತ ಕಿವಿಯ ಕೆಲಸ ಎಂದು ಅದು ನಂಬಿಸುತ್ತದೆ. ನಿಜವಾಗಿ ಅದು ಯಾರು ಬೇಕಾದರೂ ಕಲಿಯಬಹುದಾದ ಲೆಕ್ಕ. ಮೂರು ಉದಾಹರಣೆ ನೋಡಿ.

ಒಂದು, ನಿಲ್ಲುವ ದೂರ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಚಾಲಕ ಅಪಾಯ ಕಂಡು ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಅಷ್ಟರಲ್ಲಿ ವಾಹನ 40 ಮೀಟರ್ ದಾಟಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೂ ಸುಮಾರು ಅಷ್ಟೇ. ಹಾಗಾಗಿ 60ರ ವೇಗಕ್ಕೆ 80 ಮೀಟರ್, 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್ ರಸ್ತೆ ಚಾಲಕನ ಕಣ್ಣಿಗೆ ಕಾಣಲೇಬೇಕು. ತಿರುವಿನಲ್ಲಿ ಜಾಲಿ ಪೊದೆ ಬೆಳೆದು ಅಷ್ಟು ದೂರ ಕಾಣದಿದ್ದರೆ ಆ ಜಾಗ ಅಪಾಯದ್ದು. ಅಪಘಾತ ಆಗುವವರೆಗೆ ಕಾಯಬೇಕಿಲ್ಲ.

ಎರಡು, ವಾಹನ ಎಣಿಕೆ. ಎಲ್ಲ ವಾಹನ ಒಂದೇ ಅಲ್ಲ. ಹಳ್ಳಿ ಭಾಗದ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟ ಲೆಕ್ಕದಲ್ಲಿ ಕಾರು 1, ಬೈಕು 0.5, ಬಸ್ಸು ಅಥವಾ ಲಾರಿ 3, ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನ ಬಂಡಿ 8. ಒಂದು ಗಂಟೆಯಲ್ಲಿ 100 ಬೈಕು, 40 ಕಾರು, 20 ಬಸ್ಸು-ಲಾರಿ, 10 ಟ್ರ್ಯಾಕ್ಟರ್ ಟ್ರಾಲಿ ಬಂದವು ಅಂದುಕೊಳ್ಳಿ. ಒಟ್ಟು 170 ವಾಹನ, ಆದರೆ ರಸ್ತೆಗೆ 195 ಕಾರಿನ ಭಾರ. ಅದರಲ್ಲಿ 105 ಆ 30 ದೊಡ್ಡ ವಾಹನಗಳದ್ದೇ. ಭತ್ತದ ಸುಗ್ಗಿಯಲ್ಲಿ ರಾಯಚೂರು-ಮಾನ್ವಿ-ಸಿಂಧನೂರು ರಸ್ತೆಯಲ್ಲಿ ಓಡಾಡಿದವರಿಗೆ ಇದರ ಅರ್ಥ ತಾನಾಗಿ ಹೊಳೆಯುತ್ತದೆ.

ಮೂರು, ಬ್ಲ್ಯಾಕ್ ಸ್ಪಾಟ್. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ನಡೆದಿದ್ದರೆ, ಅಥವಾ 10 ಸಾವು ಆಗಿದ್ದರೆ, ಅದು ಬ್ಲ್ಯಾಕ್ ಸ್ಪಾಟ್. ಆ ಜಾಗದಲ್ಲಿ ದೆವ್ವ ಇದೆ ಎಂಬ ಮಾತು ಹಲವು ಊರುಗಳಲ್ಲಿ ಕೇಳುತ್ತೇವೆ. ಮತ್ತೆ ಮತ್ತೆ ಅಲ್ಲೇ ಅಪಘಾತ ಆಗುತ್ತಿದೆ ಎಂದರೆ ರಸ್ತೆಯ ತಿರುವು, ಬೆಳಕು, ಅಂಚು, ವೇಗ ಇವುಗಳಲ್ಲಿ ಕಾರಣ ಹುಡುಕಬೇಕು.

ಈ ವೃತ್ತಿಗೆ ಸೇರುವುದು ಹೇಗೆ?

ದಾರಿ ಎರಡು. ಎಸ್ಸೆಸ್ಸೆಲ್ಸಿ ನಂತರ 3 ವರ್ಷದ ಸಿವಿಲ್ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಅಥವಾ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಸಿಇಟಿ ಮೂಲಕ 4 ವರ್ಷದ ಸಿವಿಲ್ ಬಿ.ಇ. ರಾಯಚೂರಿನಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ.

ರಾಯಚೂರು ಜಿಲ್ಲೆ 371ಜೆ ವ್ಯಾಪ್ತಿಯಲ್ಲಿದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಈ ಭಾಗದವರಿಗೆ. ಅದಕ್ಕೆ ಉಪವಿಭಾಗಾಧಿಕಾರಿಯಿಂದ ಅರ್ಹತಾ ಪತ್ರ ಮೊದಲೇ ಮಾಡಿಸಿಡಿ. ಸಿಇಟಿ ಸಮಯದಲ್ಲಿ ಓಡಾಡಿದರೆ ತಡವಾಗುತ್ತದೆ.

ಸಿವಿಲ್ ಮುಗಿಸಿದ ಮೇಲೆ ಗೇಟ್ ಬರೆದು ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಬಹುದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಕೋರ್ಸ್ ಇದೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನ ಸಿಗುತ್ತದೆ. ಮುಂದೆ ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರ, ನಗರ ಭೂಸಾರಿಗೆ ನಿರ್ದೇಶನಾಲಯ, ದೆಹಲಿಯ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ, ಖಾಸಗಿ ಸಲಹಾ ಕಂಪನಿಗಳಲ್ಲಿ ಕೆಲಸವಿದೆ.

ಮೊದಲ ವರ್ಷ ಏನು ಕೆಲಸ ಎಂದು ಕೇಳಿದರೆ, ಬಿಸಿಲಲ್ಲಿ ನಿಂತು ವಾಹನ ಎಣಿಸುವುದು, ಟೇಪು ಹಿಡಿದು ರಸ್ತೆ ಅಳೆಯುವುದು, ಪೊಲೀಸ್ ಠಾಣೆಯಿಂದ ಅಪಘಾತದ ವಿವರ ತಂದು ನಕ್ಷೆಯಲ್ಲಿ ಗುರುತು ಹಾಕುವುದು. ಬೇಸರ ಬೇಡ. ಭಾರತರತ್ನ ಬಂದವರ ವೃತ್ತಿಯೂ ಪಾಂಝರಾ ನದಿಯ ಮರಳಿನಲ್ಲಿ ಶುರುವಾಯಿತು.

ಕೊನೆಯದಾಗಿ

ಹಳಿಯ ಸದ್ದಿನ ಕಥೆಗೆ ಆಧಾರವಾಗಿ ಊರು, ದಿನ, ರೈಲು ಯಾವುದೂ ಇಲ್ಲ, ವಿಜ್ಞಾನದ ಕಡೆಯಿಂದಲೂ ಅದು ನಿಲ್ಲುವುದಿಲ್ಲ. ಮನೆಪಾಠ ಹೇಳಿ ಓದಿದ್ದು, 1883ರ ಮೊದಲ ಸ್ಥಾನ, 1884ರ ಸಹಾಯಕ ಎಂಜಿನಿಯರ್ ಕೆಲಸ, ಮಳೆಯಲ್ಲಿ ಕಟ್ಟಿದ ಸೈಫನ್, ಹೈದರಾಬಾದಿನ ಮಳೆ ಲೆಕ್ಕ, 90 ದಾಟಿದ ಮೇಲೆ ನೋಡಿದ ಗಂಗೆಯ ಸೇತುವೆ, ಇವು ನಿಜ.

ಮುಂದಿನ ಸೆಪ್ಟೆಂಬರ್ 15ಕ್ಕೆ ಆ ಫಾರ್ವರ್ಡ್ ಬಂದರೆ, ಕಳಿಸಿದವರಿಗೆ ಬೈಯಬೇಡಿ. ಈ ಲೇಖನ ಕಳಿಸಿ. ಜೊತೆಗೆ ನಿಮ್ಮೂರಿನಲ್ಲಿ ಪದೇ ಪದೇ ಅಪಘಾತ ಆಗುವ ತಿರುವಿನ ಫೋಟೊ, ಅಲ್ಲಿ ಯಾವ ಯಾವ ದಿನ ಏನಾಯಿತು ಎಂಬ ಪಟ್ಟಿ ಮಾಡಿ ಗ್ರಾಮ ಪಂಚಾಯಿತಿಗೆ ಮತ್ತು ಲೋಕೋಪಯೋಗಿ ಇಲಾಖೆಯ ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ದಿನಾಂಕ, ಜಾಗ, ಸಂಖ್ಯೆ ಇರುವ ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಕಷ್ಟ.